ತಿಕೋಟಾ ಮಡ್ಡಿಯ ಶೂರರು ಮತ್ತು ನನ್ನ ಒಂಟಿನಳಿಗೆ ಬಂದೂಕು

ನಾನು ಬಂದೂಕು ಕೊಂಡದ್ದು ಹಟಕ್ಕೆ. ಆ ಹಟ ಹುಟ್ಟಿಸಿದವರು ಬಿಜಾಪುರದ ಕೆಲವು ದೊಡ್ಡ ಮನುಷ್ಯರು. ಅವರನ್ನು ದೊಡ್ಡ ಮನುಷ್ಯರೆಂದು ಕರೆಯುತ್ತಿದ್ದವರು ಹೆಚ್ಚಾಗಿ ಅವರೇ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಮಾತು. ನಾನು ಊರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೆ. ಅಪ್ಪ ಬಬಲೇಶ್ವರದಲ್ಲಿ ಹೊಲ ನೋಡಿಕೊಂಡಿದ್ದ. ಆಗಾಗ ಬಸ್ಸಿನಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತಿದ್ದ. ಆ ದಿನಗಳಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಸಾಹುಕಾರನೊಬ್ಬ ಮುಂಬಯಿಗೆ ಹೋಗಿ, ಅಲ್ಲಿನ ಶ್ರೀಮಂತರು ಯಂತ್ರದಿಂದ ಗಾಳಿಗೆ ಚಿಮ್ಮಿಸಿದ ಮಣ್ಣಿನ ಬಿಲ್ಲೆಗಳನ್ನು ಬಂದೂಕಿನಿಂದ ಹೊಡೆದು ಪುಡಿ ಮಾಡುವುದನ್ನು ನೋಡಿ ಬಂದ. ಅದರ ಹೆಸರು ಟ್ರ್ಯಾಪ್ ಶೂಟಿಂಗ್. ಬಂದವನೇ ತನ್ನಂಥವರನ್ನೇ ಹುಡುಕಿ ಒಬ್ಬ ವಕೀಲ, ಒಬ್ಬ ಅಡತಿ ವ್ಯಾಪಾರಿ, ಸಿನೆಮಾ ಥಿಯೇಟರಿನ ಮಾಲೀಕ, ಹೀಗೆ ಕೂಡಿಸಿ ಒಂದು ಮಂಡಳಿ ಕಟ್ಟಿದ. ತಿಕೋಟಾ ರಸ್ತೆಯ ಪಕ್ಕದ ಕಲ್ಲುಮಡ್ಡಿ, ಏನೂ ಬೆಳೆಯದ ಬರಡು ದಿಬ್ಬ, ಮೈದಾನವಾಯಿತು. ಜೀಪಿನ ಹಳೆಯ ಸ್ಪ್ರಿಂಗಿನಿಂದ ಬಿಲ್ಲೆ ಚಿಮ್ಮುವ ಯಂತ್ರ ಮಾಡಿಸಿದರು. ಬಿಲ್ಲೆಗಳು ತಿಕೋಟಾದ ಕುಂಬಾರರ ಮನೆಯಿಂದ ಬಂದವು. ಗುರಿಯನ್ನು ಯಾರೂ ಕಲಿಯಲಿಲ್ಲ, ಆದರೆ ಟೊಪ್ಪಿಗೆಯನ್ನು ಎಲ್ಲರೂ ಹೊಲಿಸಿಕೊಂಡರು.

ಉದ್ಘಾಟನೆಗೆ ಅಧಿಕಾರಿಯೊಬ್ಬರು ಹೆಂಡತಿಯೊಡನೆ ಬರುವವರಿದ್ದರು. ಅಷ್ಟು ಗಂಡಸರ ನಡುವೆ ಆಕೆ ಒಬ್ಬರೇ ನಿಂತರೆ ಚೆನ್ನಾಗಿರುವುದಿಲ್ಲವೆಂದು ಸಾಹುಕಾರ ಇನ್ನೊಬ್ಬ ಹೆಂಗಸನ್ನು ಹುಡುಕಿದ. ತಮ್ಮ ಮನೆಯವರನ್ನು ಮಡ್ಡಿಗೆ ಕರೆತಂದರೆ ಇವರ ಮರ್ಯಾದೆ ಹೋಗುತ್ತದೆ. ಶಾಲೆಯಲ್ಲಿ ಕಲಿಸುವ ಬಾಯಾರು ಬಂದರೆ ಯಾರದೂ ಹೋಗುವುದಿಲ್ಲ. ನಾನು ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ರೈಫಲ್ ಹೊಡೆದವಳು ಎಂಬುದು ಅವನ ಕಿವಿಗೆ ಬಿದ್ದಿತ್ತು. ಕರೆ ಬಂತು. ನಾನೂ ಹೋದೆ.

ಆ ದಿನ ಶೂರರೆಲ್ಲ ಸರದಿಯ ಮೇಲೆ ಆಕಾಶಕ್ಕೆ ಗುಂಡು ಹಾರಿಸಿದರು. ಬಿಲ್ಲೆಗಳು ನಿಶ್ಚಿಂತೆಯಿಂದ ಹಾರಿ, ನೆಲಕ್ಕೆ ಬಿದ್ದು, ತಾವಾಗಿಯೇ ಒಡೆದವು. ವಕೀಲ ಗಾಳಿಯನ್ನು ಬೈದ. ಅಡತಿ ವ್ಯಾಪಾರಿ ಸೂರ್ಯನನ್ನು ಬೈದ. ಕೊನೆಗೆ ಅಧಿಕಾರಿಯ ಹೆಂಡತಿ ನನ್ನ ಕಡೆ ತೋರಿಸಿ, "ಇವರಿಗೂ ಒಂದು ಸಲ ಕೊಡಿ" ಎಂದರು. ವಕೀಲ ಒಲ್ಲದ ಮನಸ್ಸಿನಿಂದ ತನ್ನ ಬಂದೂಕು ಕೊಟ್ಟ. ನನ್ನ ಮೊದಲ ಗುಂಡು ತಪ್ಪಿತು. ಆಮೇಲಿನವು ತಪ್ಪಲಿಲ್ಲ. ಆಕೆ ಚಪ್ಪಾಳೆ ತಟ್ಟಿದರು. ಮಂಡಳಿಯವರು ತಟ್ಟಲಿಲ್ಲ.

ಮುಂದಿನ ಭಾನುವಾರ ನಾನು ಮತ್ತೆ ಮಡ್ಡಿಗೆ ಹೋದರೆ ವಕೀಲನ ಬಂದೂಕಿಗೆ ಎಣ್ಣೆ ಹಚ್ಚಿ ಇಟ್ಟಿದ್ದರಂತೆ, ಮುಟ್ಟುವಂತಿರಲಿಲ್ಲ. ಥಿಯೇಟರಿನವನಿಗೆ ನನ್ನ ಮಾತೇ ಕೇಳಿಸಲಿಲ್ಲ. ಸಾಹುಕಾರ ಹಲ್ಲು ಕಿರಿಯುತ್ತ ಬಂದು ಹೇಳಿದ: "ಬಾಯಾರ, ಇಲ್ಲಿ ಒಬ್ಬರ ಬಂದೂಕು ಇನ್ನೊಬ್ಬರು ಮುಟ್ಟೂ ಪದ್ಧತಿ ಇಲ್ರಿ. ಸ್ವಂತದ್ದು ತಗೊಂಡು ಬರ್ರಿ. ಯಾರು ಬ್ಯಾಡ ಅಂತಾರ?"

ಎಲ್ಲರೂ ನಕ್ಕರು. ಶಾಲೆಯ ಪಗಾರ ಎಷ್ಟೆಂದು ಅವರಿಗೆ ಗೊತ್ತಿತ್ತು.

ಅಪ್ಪನಿಗೆ ಹೇಳಿದೆ. ಹೊಲಕ್ಕೆ ಹಂದಿ ಬರುತ್ತಿದ್ದ ಕಾಲದಲ್ಲಿ ಅವನ ಹತ್ತಿರ ಮದ್ದು ತುಂಬಿ ಹೊಡೆಯುವ ಹಳೆಯ ಬಂದೂಕಿತ್ತು. ಅವನು ನಗಲಿಲ್ಲ. "ದಿನಾ ಹೊಡಿಯಾಕೇನ ನಿನಗ? ಆಗೊಮ್ಮೆ ಈಗೊಮ್ಮೆ. ಅದಕ್ಕ ತಕ್ಕದ್ದು ನೋಡಿದ್ರಾತು ತಗೋಳವಾ" ಎಂದ. ಲೈಸನ್ಸಿಗೆಂದು ಕಚೇರಿಗೆ ಹೋದರೆ ಗುಮಾಸ್ತ ನನ್ನ ಅರ್ಜಿಯನ್ನು ನನ್ನ ಕೈಯಿಂದಲೇ ಇಸಿದುಕೊಂಡು, ಅಪ್ಪನ ಕಡೆ ತಿರುಗಿ, "ಯಾರ ಹೆಸರಲೇ ಬೇಕ್ರಿ ಯಜಮಾನ್ರ?" ಎಂದು ಕೇಳಿದ. ತಿಂಗಳುಗಟ್ಟಲೆ ಅಲೆದ ಮೇಲೆ ಲೈಸನ್ಸ್ ಸಿಕ್ಕಿತು. ಅಷ್ಟೂ ದಿನ ಆತ ಒಮ್ಮೆಯೂ ನನ್ನನ್ನು ನೋಡಿ ಮಾತಾಡಲಿಲ್ಲ.

ಪೇಟೆಯ ಬಂದೂಕಿನ ಅಂಗಡಿಯವನು ನೋಡಿ ಮಾತಾಡಿದ, ಆದರೆ ಮಗುವಿನ ಜೊತೆ ಆಡುವ ಹಾಗೆ. ಒಂದು ಸಣಕಲು ಬಂದೂಕನ್ನು ತೆಗೆದು ತೋರಿಸಿ, "ಇದು ಹೆಣ್ಮಕ್ಕಳಿಗಂತ ಇದ್ದಂಗ ಐತ್ರಿ. ಹೂವಿನಂಗ ಹಗರ" ಎಂದ.

"ಹಗುರಾದಷ್ಟೂ ಭುಜಕ್ಕ ಜೋರ್ ಒದಿತೈತಿ, ಅಲ್ಲೇನ್ರಿ?" ಎಂದೆ.

ಅವನು ಅಪ್ಪನ ಮುಖ ನೋಡಿದ. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ಗೋಡೆಗೆ ಒರಗಿಸಿಟ್ಟ ಇನ್ನೊಂದು ಬಂದೂಕನ್ನು ನಾನೇ ಎತ್ತಿಕೊಂಡೆ. ಸರಕಾರಿ ಕಾರ್ಖಾನೆಯ ಸಾದಾ ಒಂಟಿನಳಿಗೆ. ಕೆತ್ತನೆಯಿಲ್ಲ, ಹೊಳಪಿಲ್ಲ, ನೋಡಿದರೆ ನೀರಿನ ಪೈಪಿಗೆ ಕಟ್ಟಿಗೆ ಜೋಡಿಸಿದಂತಿತ್ತು. ಆದರೆ ನಳಿಗೆ ಉದ್ದವಾಗಿತ್ತು, ತುದಿಯ ಬಾಯಿ ತುಸು ಬಿಗಿಯಾಗಿತ್ತು. ದೂರ ಹೋಗುವ ಬಿಲ್ಲೆಗೆ ತೋಟಾದೊಳಗಿನ ಸೀಸದ ಕಾಳುಗಳು ಚದುರದೆ ಗುಂಪಾಗಿ ಹೋಗಬೇಕೆಂದರೆ ಅದೇ ಬೇಕು. ತೂಕವೂ ಒದೆತವನ್ನು ಹೀರುವಷ್ಟಿತ್ತು. ಒಂದು ಬಿಲ್ಲೆಗೆ ಒಂದೇ ಗುಂಡು ಹೊಡೆಯುವ ಆಟಕ್ಕೆ ಎರಡನೆಯ ನಳಿಗೆ ಯಾತಕ್ಕೆ? ಭುಜಕ್ಕೆ ಆನಿಸುವ ಕಟ್ಟಿಗೆ ಮಾತ್ರ ನನಗೆ ಉದ್ದವಾಗುತ್ತಿತ್ತು.

ಕೊಳ್ಳುವ ಮೊದಲೇ ಸುದ್ದಿ ಸಾಹುಕಾರನಿಗೆ ಮುಟ್ಟಿತು. ಭಾನುವಾರ ಕಾರು ತೆಗೆದುಕೊಂಡು ಬಂದೇಬಿಟ್ಟ. "ಆ ಕಬ್ಬಿಣದ ತುಂಡು ಹಿಡಕೊಂಡು ನಮ್ಮ ನಡುವ ನಿಂದರ್ತೀರೇನ್ರಿ? ಮಂಡಳಿ ಮರ್ಯಾದಿ ಏನಾಗಬೇಕು? ಕನಮಡಿ ದಾರಿಯೊಳಗ ಒಂದು ವಾಡೇ ಐತಿ. ಅಲ್ಲಿ ಇಂಗ್ಲೆಂಡಿನ ಜೋಡುನಳಿಗೆ ಮಾರಾಕತ್ತಾರ. ನಡೀರಿ, ತೋರಸ್ತೀನಿ."

ತನಗೆ ತಿಳಿದದ್ದನ್ನು ತೋರಿಸುವ ಅವಕಾಶ ಅವನಿಗೆ ಬೇಕಿತ್ತು. ಅಪ್ಪನಿಗೆ ಕಾರಿನಲ್ಲಿ ಕೂರುವ ಆಸೆಯಿತ್ತು. ಹೋದೆವು.

ವಾಡೆಯೆಂಬ ಆ ಹಳೆಯ ದೊಡ್ಡಮನೆಯ ಧಣಿ ಮುದುಕ ಬಂದೂಕನ್ನು ರೇಷ್ಮೆ ಬಟ್ಟೆಯಿಂದ ಬಿಚ್ಚಿದ. ನಿಜಕ್ಕೂ ಚೆಂದವಿತ್ತು. ಪಕ್ಕದ ಪಟ್ಟಿಗೆ ಬಳ್ಳಿ, ಹಕ್ಕಿ ಕೆತ್ತಿದ್ದರು. ನಳಿಗೆಗಳ ಮೇಲೆ ನೀರಿನ ಸುಳಿಯಂಥ ಗೆರೆಗಳಿದ್ದವು. ಸಾಹುಕಾರ ಆ ಗೆರೆಗಳ ಮೇಲೆ ಬೆರಳಾಡಿಸುತ್ತ, "ನೋಡ್ರಿ, ಕಸಬು ಅಂದ್ರ ಇದು" ಎಂದು ಕಣ್ಣು ಮುಚ್ಚಿದ.

ನಾನು ಕಣ್ಣು ತೆರೆದು ನೋಡಿದೆ. ಆ ಗೆರೆಗಳು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಬಡಿದು ಮಾಡಿದ ಹಳೆಯ ನಳಿಗೆಯ ಗುರುತು. ಅದು ಕರಿಮದ್ದಿನ ಕಾಲದ್ದು. ಈಗಿನ ತೋಟಾದ ಒತ್ತಡಕ್ಕೆ ಅದನ್ನು ಮಾಡಿದ್ದಲ್ಲ. ಬಂದೂಕನ್ನು ಕೀಲಿನಲ್ಲಿ ಮಡಚಿ ತೆರೆದು, ನಳಿಗೆಗಳನ್ನು ಬೆಳಕಿಗೆ ಹಿಡಿದು ಇಣುಕಿದರೆ ಒಳಗೆಲ್ಲ ಸಿಡುಬಿನ ಕಲೆಯಂಥ ತುಕ್ಕಿನ ಗುಳಿಗಳು. ಮುಚ್ಚಿ ಅಲ್ಲಾಡಿಸಿದೆ. ಕೀಲು ಗಡಗಡ ಎಂದಿತು. ಅಪ್ಪನಿಗೆ ಕೊಟ್ಟೆ. ಅವನೂ ಇಣುಕಿ, ತಿರುಗಿ ಬಟ್ಟೆಯ ಮೇಲೆ ಇಟ್ಟ.

"ಇದು ಬ್ಯಾಡ್ರಿ. ಹೊಸಾ ತೋಟಾ ಹಾಕಿದ್ರ ಒಡಿತೈತಿ. ನೀವೂ ತಗೋಬ್ಯಾಡ್ರಿ, ಸಾಹುಕಾರ್ರ" ಎಂದೆ.

ಸಾಹುಕಾರ ಧಣಿಯ ಕಡೆ ನೋಡಿ ಕಣ್ಣು ಮಿಟುಕಿಸಿದ. "ಗಣಿತದ ಬಾಯಾರ ನೋಡ್ರಿ. ಎಲ್ಲಾದಕ್ಕೂ ಲೆಕ್ಕ. ಇಂಗ್ಲಿಷರು ಮಾಡಿದ್ದು ಒಡಿತೈತೇನ್ರಿ?"

ಆ ಮಾತಿನ ಹುರುಪಿನಲ್ಲಿ ಅವನೇ ಅದನ್ನು ಕೊಂಡುಬಿಟ್ಟ. ಧಣಿ ರೇಷ್ಮೆ ಬಟ್ಟೆ ಕೊಡಲಿಲ್ಲ.

ನಾನು ಮರುದಿನ ಸಾದಾ ಒಂಟಿನಳಿಗೆ ತಂದೆ. ಬಬಲೇಶ್ವರದಲ್ಲಿ ನಮ್ಮ ಓಣಿಯ ಬಡಿಗ ನನ್ನ ತೋಳಿನ ಅಳತೆ ತೆಗೆದುಕೊಂಡು ಹಿಂದಿನ ಕಟ್ಟಿಗೆಯನ್ನು ಕೊಯ್ದು ಗಿಡ್ಡ ಮಾಡಿದ. ಎತ್ತಿದರೆ ಕೆನ್ನೆ ತಾನಾಗಿ ಅದರ ಮೇಲೆ ಕೂರುವಂತಾಯಿತು. ಅಪ್ಪ ಬೀಳು ಬಿದ್ದ ಹೊಲದಲ್ಲಿ ನಿಂತು, ಕುಂಬಾರರಿಂದ ತಂದ ಒಡಕು ಬಿಲ್ಲೆಗಳನ್ನು ಕೈಯಿಂದ ಬೀಸಿ ಒಗೆದ. ಹೊಡೆದೆ. ಸಂಜೆ ಭುಜ ನೋಯಲಿಲ್ಲ.

ಭಾನುವಾರ ಅಪ್ಪನನ್ನೂ ಕರೆದುಕೊಂಡು ಮಡ್ಡಿಗೆ ಹೋದೆ. ನನ್ನ ಬಂದೂಕನ್ನು ನೋಡಿ ಅಡತಿ ವ್ಯಾಪಾರಿ, "ಎಮ್ಮಿ ಕಾಯಾಕ ಬಂದಾರೇನಪ್ಪಾ" ಎಂದ. ಎಲ್ಲರೂ ಸಾಹುಕಾರನ ಇಂಗ್ಲೆಂಡಿನ ಬಂದೂಕಿನ ಸುತ್ತ ನೆರೆದು, ಹಕ್ಕಿಯ ರೆಕ್ಕೆಗಳನ್ನು ಮೆಚ್ಚುತ್ತಿದ್ದರು. ನಾನು ಇನ್ನೊಮ್ಮೆ ಹತ್ತಿರ ಹೋಗಿ, "ಬ್ಯಾಡ್ರಿ ಅಂದೆ ನಾ" ಎಂದೆ. ಅವನು ಕೈ ಬೀಸಿ ಸರಿಯಲು ಹೇಳಿದ. ಸರಿದೆ. ಅಪ್ಪನ ರಟ್ಟೆ ಹಿಡಿದು ಅವನನ್ನೂ ಸರಿಸಿದೆ.

ಬಿಲ್ಲೆ ಹಾರಿತು. ಬಂದೂಕಿನ ಸದ್ದು ಬಂದೂಕಿನ ಸದ್ದಿನಂತಿರಲಿಲ್ಲ. ಹೊಗೆ ಸರಿದಾಗ ಸಾಹುಕಾರ ಕೆಳಗೆ ಕೂತಿದ್ದ. ಎಡಗಡೆಯ ನಳಿಗೆ ಬೆಂಡೆಕಾಯಿಯಂತೆ ಸೀಳಿತ್ತು. ಕೈಗೆ ರಕ್ತ ಬಂದಿತ್ತು, ಬೆರಳುಗಳ ಚರ್ಮ ಸುಟ್ಟಿತ್ತು, ಆದರೆ ಬೆರಳುಗಳಿದ್ದವು. ವಕೀಲ, ವ್ಯಾಪಾರಿ, ಥಿಯೇಟರಿನವನು ಮೂವರೂ ಆಗಲೇ ಕಾರುಗಳ ಹಿಂದೆ ನಿಂತಿದ್ದರು. ಅಪ್ಪ ಅಲ್ಲಿ ಕುಡಿಯಲು ಇಟ್ಟಿದ್ದ ಕೊಡದಿಂದ ನೀರು ಸುರಿದು ಅವನ ಕೈ ತೊಳೆದ. ನಾನು ಧೋತರದ ತುದಿ ಹರಿದು ಕಟ್ಟಿದೆ. ಧೋತರ ಸಾಹುಕಾರನದೇ.

"ತೋಟಾ ಖೊಟ್ಟಿ ಇತ್ತು" ಎಂದ ಅವನು, ಬೆವರುತ್ತ.

ಊರಿಗೆ ಮುಟ್ಟುವಷ್ಟರಲ್ಲಿ ತೋಟಾ ಬಿಟ್ಟು ತಪ್ಪು ನನ್ನ ಮೇಲೆ ಬಂದಿತ್ತು. ಒಡೆಯುತ್ತದೆ, ಒಡೆಯುತ್ತದೆ ಎಂದು ಬಾಯಿ ಹಾಕಿದ್ದಕ್ಕೇ ಒಡೆಯಿತಂತೆ. ಹೆಂಗಸಿನ ದೃಷ್ಟಿ ತಾಗಿತಂತೆ. ಕಾನೂನು ಓದಿದ ವಕೀಲನೇ ಇದನ್ನು ಮಂಡಳಿಯ ಸಭೆಯಲ್ಲಿ ಮಂಡಿಸಿ, ಇನ್ನು ಮುಂದೆ ಮೈದಾನಕ್ಕೆ ಹೆಂಗಸರು ಬೇಡವೆಂದು ಠರಾವು ಮಾಡಿಸಿದ. ಆಮೇಲೆ ಗಂಡಸರೂ ಹೋಗಲಿಲ್ಲ. ಭಯ ಎನ್ನುವಂತಿಲ್ಲವಲ್ಲ, ಎಲ್ಲರಿಗೂ ಧಂದೆಯ ಗಡಿಬಿಡಿ ಎಂದರು. ಚಿಮ್ಮುವ ಯಂತ್ರವನ್ನು ಯಾರೋ ಬಿಚ್ಚಿಕೊಂಡು ಹೋದರು.

ನಾನು ರಜೆಯ ದಿನ ಬಬಲೇಶ್ವರಕ್ಕೆ ಹೋಗಿ ನಮ್ಮ ಹೊಲದಲ್ಲೇ ಹೊಡೆಯುತ್ತಿದ್ದೆ. ಅಂಥ ಒಂದು ದಿನ ಸಾಹುಕಾರ ಅಲ್ಲಿಗೇ ಬಂದ. ಕೈ ವಾಸಿಯಾಗಿತ್ತು. ಬಹಳ ಹೊತ್ತು ಮಳೆ, ಜೋಳದ ಪೈರು ಎಂದೆಲ್ಲ ಮಾತಾಡಿ, ಕೊನೆಗೆ ಬಾಯಿಬಿಟ್ಟ. ಬೀಗರಿಗೆ ಕಳಿಸಲು ಸ್ಟುಡಿಯೋದಲ್ಲಿ ಫೋಟೋ ತೆಗೆಸಬೇಕಂತೆ, ಬಂದೂಕು ಹಿಡಿದು. "ಒಂದ ದಿನದ ಮಟ್ಟಿಗೆ ನಿಮ್ಮದು ಕೊಡ್ರಿ ಬಾಯಾರ. ಫೋಟೋಕ್ಕಷ್ಟ."

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ: "ಫೋಟೋಕ್ಕ ಒಡದದ್ದೂ ನಡಿತೈತಲ್ರಿ ಸಾಹುಕಾರ್ರ. ಸೀಳಿದ ಮಗ್ಗಲ ಕಾಣದಂಗ ಹಿಡಕೊಂಡ್ರಾತು."

ಅಪ್ಪ ಚೇಷ್ಟೆಗೆ ಹೇಳಿದ್ದು. ಸಾಹುಕಾರ ಅರೆಕ್ಷಣ ಯೋಚಿಸಿ, "ಅದೂ ಖರೇ ಐತಿ ನೋಡ್ರಿ" ಎಂದು ಸಮಾಧಾನದಿಂದ ಎದ್ದು ಹೋದ.

ಮುಂದೆ ಯಾವುದೋ ಕೆಲಸಕ್ಕೆ ಜಿನ್ನಿಗೆ ಹೋದಾಗ ಆ ಫೋಟೋ ನೋಡಿದೆ. ಗಾದಿಯ ಹಿಂದಿನ ಗೋಡೆಗೆ ದೊಡ್ಡದಾಗಿ ಕಟ್ಟು ಹಾಕಿಸಿ ತೂಗುಹಾಕಿದ್ದ. ಟೊಪ್ಪಿಗೆ, ಮೀಸೆ, ಸೀಳು ಮುಚ್ಚುವಂತೆ ಇಟ್ಟ ಎಡ ಅಂಗೈ. ಹಿನ್ನೆಲೆಯ ಪರದೆಯಲ್ಲಿ ಸ್ಟುಡಿಯೋದವನು ಒಂದು ಹುಲಿ ಬರೆದಿದ್ದ. ಗಿರಾಕಿಗಳು ಅದನ್ನು ನೋಡಿ ತಲೆದೂಗುತ್ತಿದ್ದರು.