ಹಾಕದ ರಿಶ್ತಾ

ಆ ಗೆರೆ ಓರೆಯಾದದ್ದು ನನ್ನಿಂದ. ಕಂಪ್ಯೂಟರಿನ ತಪ್ಪೆಂದು ನಾಲ್ಕಾರು ಕಡೆ ಹೇಳಿಕೊಂಡು ತಿರುಗಿದ್ದೇನೆ, ಅದು ಸುಳ್ಳು.

ತೊಂಬತ್ತರ ದಶಕದ ಕೊನೆ. ಯಶವಂತಪುರದ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ನಾನು ಹೊಸಬ, ಕೆಲಸಕ್ಕಿಂತ ಅಣಕಕ್ಕೆ ಹೆಸರಾದವನು. ಮ್ಯಾನೇಜರರ ಕೆಮ್ಮು, ಅವರೆದುರು ನಿಂತಾಗಿನ ನನ್ನದೇ ಕೀರಲು ದನಿ, ಯಾವುದನ್ನೂ ಬಿಡುತ್ತಿರಲಿಲ್ಲ.

ಹೊಸದಾಗಿ ಬಂದಿದ್ದ ಕಂಪ್ಯೂಟರಿನಲ್ಲಿ ಗೆರೆ ಎಳೆದರೆ ಸಾಲದು. ಇದು ಅದಕ್ಕೆ ಸಮಾಂತರ, ಇದು ಅದಕ್ಕೆ ಲಂಬ ಎಂದು ಕಟ್ಟು ಹಾಕಬೇಕು. ಹಾಕದಿದ್ದರೆ, ಒಂದು ಅಳತೆ ಬದಲಿಸಿದಾಗ ಪಕ್ಕದ ಗೆರೆ ತನ್ನ ಪಾಡಿಗೆ ವಾಲುತ್ತದೆ. ನಕ್ಷೆಗಳನ್ನು ಚೆಕ್ ಮಾಡುತ್ತಿದ್ದ ಹಿರಿಯರು, ಆರ್.ಟಿ. ನಗರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಸಾಹೇಬರು, ಆ ಕಟ್ಟಿಗೆ ರಿಶ್ತಾ ಎನ್ನುತ್ತಿದ್ದರು, ಅಂದರೆ ಸಂಬಂಧ.

"ಪಕ್ಕಪಕ್ಕ ನಿಂತ್ರೆ ಸಂಬಂಧ ಆಗೋಯ್ತಾ? ರಿಶ್ತಾ ಹಾಕಿದ್ಯಾ ಮಗಾ?"

ಮದುವೆ ದಲ್ಲಾಳಿಯ ಹಾಗೆ ಇಲ್ಲದ ಗಡ್ಡ ಸವರುತ್ತ ನಾನು ಅದನ್ನೇ ಹೇಳಿದರೆ ಆಫೀಸೆಲ್ಲ ನಗುತ್ತಿತ್ತು.

ಒಂದು ಶುಕ್ರವಾರ ತಗಡಿನ ಮುಚ್ಚಳವೊಂದನ್ನು ನಾಲ್ಕು ಮಿಲಿಮೀಟರ್ ಅಗಲ ಮಾಡಬೇಕಾಯಿತು. ಮೇಲಂಚಿನ ಅಂಕಿ ಬದಲಿಸಿದೆ, ಕೆಳಗಿನದು ತಾನಾಗಿ ಬರುತ್ತದೆ ಎಂದುಕೊಂಡು ಕಟ್ಟು ಹಾಕಲಿಲ್ಲ. ಸಾಹೇಬರು ನಮಾಜಿಗೆ ಹೊರಟು ಬಾಗಿಲಲ್ಲಿದ್ದರು.

"ರಿಶ್ತಾ ಹಾಕಿದ್ಯಾ?"

"ನಿಕಾನೇ ಮಾಡ್ಸಿದೀನಿ, ಸಹಿ ಹಾಕಿ ಸಾಹೇಬ್ರೇ," ಅಂದೆ, ಅವರದೇ ದನಿಯಲ್ಲಿ. ಎಲ್ಲರೂ ನಕ್ಕರು. ಅವರೂ ನಕ್ಕು, ನಿಂತಲ್ಲೇ ಸಹಿ ಹಾಕಿದರು.

ಕಣ್ಣಿಗೆ ಗೊತ್ತಾಗದಷ್ಟು ವಾಲಿದ್ದ ಆ ಗೆರೆಯ ಮೇಲೆಯೇ ಶೆಡ್ಡಿನಲ್ಲಿ ಅಷ್ಟೂ ಮುಚ್ಚಳ ಕತ್ತರಿಸಿದರು. ಒಂದೂ ಕೂರಲಿಲ್ಲ. ಮ್ಯಾನೇಜರರು ನಕ್ಷೆ ಹಿಡಿದು ಬಂದು, "ಚೆಕ್ ಮಾಡಿದ್ಯಾರ್ರೀ ಇದನ್ನ?" ಎಂದರು.

ಸಾಹೇಬರು ಒಮ್ಮೆ ನನ್ನತ್ತ ನೋಡಿದರು. ಊರವರ ದನಿಯೆಲ್ಲ ಬರುತ್ತಿದ್ದ ನನಗೆ ಆಗ ನನ್ನದೇ ಬರಲಿಲ್ಲ.

"ಸಹಿ ನಂದೇ," ಎಂದರು ಅವರು.

ಇಪ್ಪತ್ತು ವರ್ಷ ನಕ್ಷೆ ನೋಡಿದವರನ್ನು ನಟ್ಟು ಬೋಲ್ಟು ಕೊಡುವುದಕ್ಕೆ ಸ್ಟೋರ್ ರೂಮಿನ ಕಿಂಡಿಗೆ ಹಾಕಿದರು. ವಾರ ಬಿಟ್ಟು ಪೆನ್ಸಿಲ್ಲಿನ ನೆಪದಲ್ಲಿ ಹೋದೆ. ತಪ್ಪಾಯಿತು ಎನ್ನಬೇಕಿತ್ತು. ಹಾಳು ನಾಲಿಗೆ, ತಮಾಷೆಗೇ ಹೊರಳಿತು.

"ಏನೇ ಆಗ್ಲಿ ಸಾಹೇಬ್ರೇ, ನಾನು ನೀವು ಪ್ಯಾರಲಲ್ ಲೈನು, ಅಲ್ವಾ?"

ಅವರು ಪೆನ್ಸಿಲ್ಲನ್ನು ಕಿಂಡಿಯಿಂದ ಇತ್ತ ತಳ್ಳಿದರು.

"ಹಂಗೆ ಕಾಣ್ತಿತ್ತು ಅಷ್ಟೇ. ರಿಶ್ತಾ ನೀವು ಹಾಕೇ ಇರ್ಲಿಲ್ಲ."