ಹೆಬ್ಬೆರಳಿನ ಸುಣ್ಣ

ನಾನು ನಿಂತಿದ್ದದ್ದು ಕಬಡ್ಡಿ ಅಂಕಣದ ಪೂರ್ವದ ಬದಿಯಲ್ಲಿ, ನಡುಗೆರೆ ಬಂದು ಅಂಚನ್ನು ಸೇರುವ ಜಾಗಕ್ಕೆ ನೇರವಾಗಿ, ಅಂಕ ಬರೆಯುವವರ ಮೇಜಿನ ಎಡಕ್ಕೆ. ಮೂರು ವರ್ಷದ ಹಿಂದಿನ ಸೆಪ್ಟೆಂಬರಿನ ಒಂದು ಶನಿವಾರ. ಸಜ್ಜಿಗೆ-ಅವಲಕ್ಕಿಯ ತಟ್ಟೆಗಳು ಖಾಲಿಯಾಗಿ, ಬಿಸಿಲು ಇನ್ನೂ ಶಾಲೆಯ ಹೆಂಚಿನ ಮೇಲೆಯೇ ಇದ್ದು ಮೈದಾನಕ್ಕೆ ಇಳಿದಿರದ ಬೆಳಗಿನ ಹೊತ್ತು. ಊರು ನರಿಮೊಗರಿನಿಂದ ತುಸು ಆಚೆ. ಶಾಲಾ ಮಕ್ಕಳ ಪಂದ್ಯಾಟದ ಉದ್ಘಾಟನೆಯಲ್ಲಿ ಅತಿಥಿಯೆಂದು ಹೊದೆಸಿದ ಶಾಲು ನನ್ನ ಹೆಗಲ ಮೇಲೆ ಹಾಗೆಯೇ ಇತ್ತು. ಇಷ್ಟೆಲ್ಲ ವಿವರ ಯಾಕೆಂದು ಕೇಳಬೇಡಿ ಗೆಳೆಯರೆ. ಆ ದಿನ ಕಂಡದ್ದು ನನ್ನನ್ನು ಅಲುಗಿಸಿಬಿಟ್ಟಿದೆ, ಅಲುಗಿದವನು ಮಾತಾಡುವಾಗ ಮೊದಲು ಕಾಲೂರಿದ ನೆಲ ಯಾವುದೆಂದು ಹೇಳುವುದು ಒಳ್ಳೆಯದು.

ನಾನು ಮಕ್ಕಳ ಎಲುಬಿನ ವೈದ್ಯ. ಪುತ್ತೂರಿನಲ್ಲಿ ಆಸ್ಪತ್ರೆ, ವಾರಕ್ಕೊಂದು ದಿನ ಸುಳ್ಯ, ಇನ್ನೊಂದು ದಿನ ಕಡಬ. ನನ್ನ ಬಳಿ ಬರುವ ಮಕ್ಕಳಲ್ಲಿ ಹೆಚ್ಚಿನವರು ಆಡುವವರು. ಗುಂಡ್ಯದ ಕಡೆಯಿಂದ ವಾಲಿಬಾಲಿನ ಹುಡುಗರು ಮಂಡಿ ಹಿಡಿದುಕೊಂಡು ಬರುತ್ತಾರೆ, ಓಟದ ಹುಡುಗಿಯರು ಸೊಂಟ ಹಿಡಿದುಕೊಂಡು, ಕಬಡ್ಡಿಯವರು ಎಲ್ಲೆಂದರಲ್ಲಿ ಹಿಡಿದುಕೊಂಡು. ತಂದೆತಾಯಿ ಕೇಳುವುದು "ಪ್ಲಾಸ್ಟರ್ ಎಷ್ಟು ದಿನ?" ಎಂದು; ಮಕ್ಕಳು ಕೇಳುವುದು "ಆಡುದು ಯಾವಾಗ?" ಎಂದು. ಈ ಎರಡು ಪ್ರಶ್ನೆಗಳ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ನನ್ನ ವೃತ್ತಿಜೀವನ ಕಳೆದಿದೆ, ಸುಖವಾಗಿಯೇ ಕಳೆದಿದೆ. ಮಕ್ಕಳ ಎಲುಬು ಉದಾರಿ. ಮುರಿಯುವ ಮೊದಲು ಹಸಿಕೋಲಿನ ಹಾಗೆ ಬಾಗಿ ನೋಡುತ್ತದೆ. ಮುರಿದರೂ ದೊಡ್ಡವರ ಎಲುಬಿನಂತೆ ಹಗೆ ಸಾಧಿಸದೆ ಬೇಗ ಕೂಡುತ್ತದೆ. ಸ್ವಲ್ಪ ಸೊಟ್ಟ ಕೂಡಿದರೆ ಬೆಳೆಯುತ್ತ ಬೆಳೆಯುತ್ತ ತನ್ನ ಸೊಟ್ಟವನ್ನು ತಾನೇ ತಿದ್ದಿಕೊಳ್ಳುತ್ತದೆ. ವೈದ್ಯನಿಗೆ ಇದಕ್ಕಿಂತ ಒಳ್ಳೆಯ ಪಾಲುದಾರ ಸಿಗಲಾರ. ಮೊಣಕೈಯ ಸುತ್ತಮುತ್ತ ಮಾತ್ರ ಈ ಔದಾರ್ಯ ಕಡಿಮೆ.

ಆದರೆ ಒಂದು ಮಾತು. ಅಷ್ಟು ವರ್ಷ ಮುರಿದ ಎಲುಬುಗಳನ್ನೇ ನೋಡಿದ ನಾನು, ಎಲುಬು ಮುರಿಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ಊಟ ಮುಗಿದು ಎಲೆ ಎತ್ತಿದ ಮೇಲೆ ಮದುವೆಮನೆಗೆ ಬರುವವನ ಹಾಗೆ ನಾನು ಯಾವಾಗಲೂ ಆಮೇಲೆ ಬಂದವನು. ನಡೆದದ್ದು ನನಗೆ ಸಿಗುತ್ತಿದ್ದದ್ದು ಒಂದೇ ಸಾಲಿನಲ್ಲಿ: ಆಡುವಾಗ ಬಿದ್ದದ್ದು.

ಆ ಶನಿವಾರ ಏಳನೆಯ ತರಗತಿಯ ಲಿಖಿತಾ ಎಂಬ ಹುಡುಗಿ ರೈಡಿಗೆ ಹೋದಳು. ನೆಟ್ಟಣದ ಹತ್ತಿರದವಳು, ಸಪೂರ ಮೈ, ಎರಡು ಜಡೆಗಳನ್ನು ತಲೆಗೇ ಸುತ್ತಿ ಕಟ್ಟಿದ್ದಳು. ಅವಳ ಅಜ್ಜಿ ದೇವಕ್ಕ ಅಂಕಣದ ಮೂಲೆಯಲ್ಲಿ ನಿಂತು, "ಬಗ್ಗು! ಬಗ್ಗು ಹೆಣ್ಣೇ! ಬೆನ್ನಿಗೆ ಎಂತ ಕೋಲು ಕಟ್ಟಿದ್ದೀಯಾ?" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದರು. ಲಿಖಿತಾ ಒಬ್ಬಳನ್ನು ಮುಟ್ಟಿ ತಿರುಗಿದಳು. ಎದುರು ತಂಡದ ಅಫ್ರಾ ಎಂಬ ಗಟ್ಟಿ ಹುಡುಗಿ ಅವಳ ಕಾಲಿನ ಗಂಟನ್ನು ಹಿಡಿದಳು. ಉಳಿದವರು ಮೇಲೆ ಬಿದ್ದರು. ಬೀಳುವ ಮೊದಲಿನ ಒಂದು ಕ್ಷಣ ಆ ಮಗುವಿನ ಇಡೀ ಮೈ ನೆಲ ಬಿಟ್ಟು, ಎಡಗೈ ಒಂದೇ ಮುಂದಾಗಿ, ಬೆರಳ ತುದಿ ತಾಗಿದರೂ ಅಂಕ ಸಿಗುವ ನಡುಗೆರೆಯ ಕಡೆಗೆ ಹಾರಿತು. ಅಷ್ಟು ಸಂತೋಷ ತುಂಬಿದ ಮುಖವನ್ನು ನಾನು ನನ್ನ ಆಸ್ಪತ್ರೆಯಲ್ಲಿ ಎಂದೂ ಕಂಡಿಲ್ಲ. ಅನಂತರ ಅಂಗೈ ನೆಲಕ್ಕೆ ಊರಿತು, ಮೈಯ ಭಾರ ಅದರ ಮೇಲೆ ಬಂತು, ಮೊಣಕೈ ಹೋಗಬಾರದ ದಿಕ್ಕಿಗೆ ಹೋಯಿತು. ಸದ್ದು ಚಿಕ್ಕದು, ಹಸಿ ಬೀನ್ಸ್ ಮುರಿದಷ್ಟು.

ಓಡಿದೆ. ನನಗಿಂತ ಮೊದಲು ಅವಳ ಪಿ.ಟಿ. ಮಾಷ್ಟ್ರು ಬಾಲಣ್ಣ ಅಲ್ಲಿ ಮಂಡಿಯೂರಿ ಆಗಿತ್ತು. ಕಬಡ್ಡಿ ಅಂಕಣಗಳಲ್ಲಿ ಬೆರಳು ತಪ್ಪಿದರೆ, ಭುಜ ತಪ್ಪಿದರೆ, ಎಳೆದು ಕೂರಿಸುವುದು ನಮ್ಮ ಕಡೆಯ ರೂಢಿ. ಎಳೆದವರಿಗೆ ಹೆಸರೂ ಬರುತ್ತದೆ. ಅವರು ಅವಳ ಮಣಿಕಟ್ಟನ್ನು ಹಿಡಿದಿದ್ದರು.

"ಎಳೀಬೇಡಿ ಮಾಷ್ಟ್ರೆ! ಕೈ ಬಿಡಿ!"

"ಗಂಟು ತಪ್ಪಿದ್ದು ಡಾಕ್ಟ್ರೆ, ಒಂದು ಜಗ್ಗಿದ್ರೆ—"

"ತಪ್ಪಿದ್ದಲ್ಲ, ಮುರಿದದ್ದು. ಬಿಡಿ ಮಾರಾಯ್ರೆ!"

ಬಿಟ್ಟರು. ಆ ಕೈ ಬಿಳಿಚಿತ್ತು. ಮೊಣಕೈಯ ಮೇಲೆ ಮುರಿದ ಎಲುಬಿನ ತುದಿ ರಕ್ತನಾಳವನ್ನು ಒತ್ತಿದರೆ ಹೀಗಾಗುತ್ತದೆ. ರಕ್ತ ಹರಿಯದ ಕೈ ಹೆಚ್ಚು ಹೊತ್ತು ಕೈಯಾಗಿ ಉಳಿಯುವುದಿಲ್ಲ. ಮಣಿಕಟ್ಟಿನಲ್ಲಿ ನಾಡಿ ಹುಡುಕಿದೆ. ಇಲ್ಲ. ಆಸ್ಪತ್ರೆಯಲ್ಲಾದರೆ ತೆರೆಯ ಮೇಲೆ ಎಲುಬು ಕಾಣುತ್ತದೆ, ಯಂತ್ರವೊಂದು ನಾಡಿಯನ್ನು ಗಟ್ಟಿಯಾಗಿ ಕೇಳಿಸುತ್ತದೆ, ಹೇಳುವ ಮೊದಲೇ ಕೈಗೆ ಬೇಕಾದ್ದನ್ನು ಕೊಡುವ ದಾದಿ ಇರುತ್ತಾರೆ. ಇಲ್ಲಿ ನನ್ನ ಹತ್ತು ಬೆರಳು ಮತ್ತು ಸುತ್ತ ನಿಂತ ಒಂದು ಊರು. ಅವಳ ತೋಳನ್ನು ಒಂದು ಕೈಯಲ್ಲಿ ಆಧರಿಸಿ, ಮುಂಗೈಯನ್ನು ಇನ್ನೊಂದರಲ್ಲಿ ಹಗುರಾಗಿ ಹಿಡಿದು, ಪೂರ್ತಿ ನೇರವೂ ಅಲ್ಲದ, ಪೂರ್ತಿ ಮಡಚಿದ್ದೂ ಅಲ್ಲದ ಒಂದು ಸಣ್ಣ ಬಾಗಿಗೆ ನಿಧಾನವಾಗಿ ತಂದೆ. ಬೆರಳ ತುದಿಗಳು ಹುಡಿ ಮೆತ್ತಿ ಬೆಳ್ಳಗಿದ್ದವು. ಉಗುರಿನ ಬಣ್ಣ ಕಾಣಲೆಂದು ಹೆಬ್ಬೆರಳಿನಿಂದ ಅವನ್ನು ಒರೆಸಿದೆ. ಒಂದು ಉಗುರನ್ನು ಒತ್ತಿ, ಬಿಟ್ಟು, ಕಾದೆ.

ಕಾಯುವುದೆಂದರೆ ಏನೆಂದು ಆಗ ತಿಳಿಯಿತು. ದೇವಕ್ಕ ಬಂದು ಮೊಮ್ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡಿದ್ದರು. ಆಮೇಲೆ, ಸುಣ್ಣ ಹೊಡೆದ ಗೋಡೆಯ ಹಿಂದಿನಿಂದ ಯಾರೋ ದೀಪ ತಂದ ಹಾಗೆ, ಆ ಉಗುರಿನ ಕೆಳಗೆ ನಸುಗೆಂಪು ಬಂತು. ಒಂದರಲ್ಲಿ ಬಂದದ್ದು ಎಲ್ಲದರಲ್ಲೂ ಬಂತು. ನಾಡಿ, ತೀರ ಸಣ್ಣಗೆ, ನನ್ನ ಬೆರಳಿಗೆ ತಟ್ಟಿತು. ನಾನು ದೇವರನ್ನು ಹೆಚ್ಚು ಕರೆಯುವವನಲ್ಲ. ಆಗ ಕರೆದೆನೋ ಇಲ್ಲವೋ, ನೆನಪಿಲ್ಲ.

ಪ್ರಥಮ ಬಹುಮಾನದ ಟ್ರೋಫಿ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಹರಿದು ಕೈಗೆ ಆಸರೆ ಕಟ್ಟಿದೆವು. ಅದನ್ನು ಕುತ್ತಿಗೆಗೆ ತೂಗಿಸಲು ನನ್ನ ಶಾಲು. "ಅಯ್ಯೋ, ಸನ್ಮಾನದ್ದು! ಮಣ್ಣಾಗ್ತದೆ" ಎಂದರು ದೇವಕ್ಕ. "ಇಷ್ಟು ದಿನಕ್ಕೆ ಒಂದು ಶಾಲು ಉಪಯೋಗಕ್ಕೆ ಬಂತು ಅಜ್ಜಿ" ಎಂದೆ.

ಬಾಲಣ್ಣ ಮಾಷ್ಟ್ರು ನನ್ನ ಕಾರು ಓಡಿಸಿದರು. ಹಿಂದಿನ ಸೀಟಿನಲ್ಲಿ ಲಿಖಿತಾ, ಒಂದು ಬದಿಗೆ ಅಜ್ಜಿ, ಇನ್ನೊಂದು ಬದಿಗೆ ಅವಳ ನಾಡಿ ಹಿಡಿದುಕೊಂಡ ನಾನು. ಪುತ್ತೂರು ಹತ್ತಿರವಾದಾಗ ಹುಡುಗಿ ಬಾಯಿ ಬಿಟ್ಟಳು. ನೋವೆಂದು ಹೇಳುತ್ತಾಳೆಂದುಕೊಂಡೆ.

"ಡಾಕ್ಟ್ರೆ, ಗೆರೆ ಮುಟ್ಟಿತಾ?"

ನಡುಗೆರೆಗೆ ನೇರ ನಿಂತಿದ್ದವನು ನಾನು. ಇಡೀ ಮೈದಾನದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಆದರೆ ನನ್ನ ಕಣ್ಣು ಇದ್ದದ್ದು ಮೊಣಕೈಯ ಮೇಲೆ. "ನಾನು ನೋಡಲಿಲ್ಲ ಮಗಾ" ಎಂದೆ.

"ಸುಳ್ಳಾದರೂ ಒಮ್ಮೆ ಮುಟ್ಟಿತು ಅಂತ ಹೇಳ್ಬಾರ್ದಾ ಮಾರಾಯ್ರೆ!" ದೇವಕ್ಕ ನನ್ನನ್ನು ದುರುಗುಟ್ಟಿ ನೋಡಿದರು. "ಇಷ್ಟು ಓದಿ ಎಂತ ಪ್ರಯೋಜನ?"

ತಲೆ ತಗ್ಗಿಸಿದೆ. ತಗ್ಗಿಸಿದ್ದರಿಂದ ಕಂಡಿತು: ನನ್ನ ಹೆಬ್ಬೆರಳಿನ ಗೀರುಗಳಲ್ಲೆಲ್ಲ ಬಿಳಿ. ಅವಳ ಬೆರಳಿನಿಂದ ಒರೆಸಿದ ಹುಡಿ ಮಣ್ಣಲ್ಲ, ಸುಣ್ಣ. ಗೆರೆ ಎಳೆದ ಸುಣ್ಣ. ರಕ್ತ ಬಂತೇ ಎಂದು ನೋಡುವ ಆತುರದಲ್ಲಿ ಅವಳ ಗೆಲುವಿನ ಗುರುತನ್ನು ನಾನೇ ಅಳಿಸಿ, ನನ್ನ ಕೈಗೆ ಹಚ್ಚಿಕೊಂಡಿದ್ದೆ. ಹೆಬ್ಬೆರಳನ್ನು ಅವಳ ಮುಂದೆ ಹಿಡಿದೆ. "ಇದು ನಿನ್ನ ಬೆರಳಲ್ಲಿ ಇದ್ದದ್ದು. ಆದರೆ ಅಂಕಣದಲ್ಲಿ ಬೇರೆ ಗೆರೆಗಳೂ ಉಂಟು, ಅವೂ ಸುಣ್ಣದ್ದೇ."

"ಇವರದ್ದೊಂದು!" ಎಂದರು ದೇವಕ್ಕ.

"ಅವಳು ಬಿದ್ದಲ್ಲಿ ಇದ್ದದ್ದು ಒಂದೇ ಗೆರೆ" ಎಂದು ಬಾಲಣ್ಣ ಮಾಷ್ಟ್ರು ಕನ್ನಡಿಯಲ್ಲಿ ನೋಡುತ್ತ ಹೇಳಿದರು. ಲಿಖಿತಾ ಆ ಹೆಬ್ಬೆರಳನ್ನೇ ನೋಡಿದಳು, ಆಮೇಲೆ ನಕ್ಕಳು. ಅರಿವಳಿಕೆಯ ಸೂಜಿಗೆ ಕೈ ಚಾಚಿದಾಗಲೂ ಆ ನಗು ಸ್ವಲ್ಪ ಉಳಿದಿತ್ತು.

ಎಲುಬನ್ನು ಕೂಡಿಸಿ, ತೆಳುವಾದ ಉಕ್ಕಿನ ಕಡ್ಡಿಗಳನ್ನು ಕೂರಿಸಿದೆ. ಕಡ್ಡಿ ತೆಗೆದ ಮೇಲಿನ ಯುದ್ಧ ದೇವಕ್ಕನ ಜೊತೆ. "ಎಣ್ಣೆ ಹಾಕಿ ತಿಕ್ಕದೆ ಗಂಟು ಮಡಚುದು ಹೇಗೆ?" ಎಂದು ಅವರು, ಮೊಣಕೈಯನ್ನು ತಿಕ್ಕಿದರೆ ಒಳಗೆ ಬೇಡದ ಎಲುಬು ಬೆಳೆದು ಕೈ ಕಟ್ಟಿಹಾಕಿದಂತಾಗುತ್ತದೆ, ಅದು ತಾನಾಗಿ ಮಡಚಲಿ ಎಂದು ನಾನು. ಕೊನೆಗೆ ಒಪ್ಪಂದವಾಯಿತು: ಎಣ್ಣೆಯೆಲ್ಲ ತಲೆಗೆ, ಕೈಗೆ ಒಂದು ತೊಟ್ಟೂ ಇಲ್ಲ. ಮಾತು ಉಳಿಸಿಕೊಂಡರು. ಕೈ ಮೊದಲು ಬಾಯಿಗೆ ಮುಟ್ಟಿತು, ಆಮೇಲೆ ಜಡೆಗೆ. ಈಗ ಹತ್ತನೆಯ ತರಗತಿಯಲ್ಲಿರುವ ಅವಳು ಮತ್ತೆ ರೈಡಿಗೆ ಹೋಗುತ್ತಾಳೆ; ಎರಡು ಕೈಗಳನ್ನು ಜೋಡಿಸಿ ಚಾಚಿದರೆ ಎಡಗೈ ಕೂದಲೆಳೆಯಷ್ಟು ಕಡಿಮೆ ನೇರ, ನನ್ನ ಕಣ್ಣಿಗೆ ಮಾತ್ರ ಕಾಣುವಷ್ಟು.

ಬದಲಾದದ್ದು ನಾನು. ಈಗ ಮಕ್ಕಳು ಬಂದರೆ ಹೇಗೆ ಬಿದ್ದೆ ಎಂದು ಮೊದಲು ಕೇಳುವುದಿಲ್ಲ. ಬೀಳುವ ಮೊದಲು ಎಂತ ಮಾಡ್ತಿದ್ದೆ ಎಂದು ಕೇಳುತ್ತೇನೆ. ಮುಖ ಅರಳುತ್ತದೆ. ಚೆಂಡು ಎಷ್ಟು ಎತ್ತರ ಬಂತು, ತಾನು ಎಷ್ಟು ಎತ್ತರ ಹಾರಿದೆ, ಅದು ಒಳಗೇ ಬಿತ್ತು, ಎದುರಿನವರು ಸುಮ್ಮನೆ ಹೊರಗೆ ಅಂದರು. ಸಾಲು ಉದ್ದವಾಗುತ್ತದೆ, ಹೊರಗೆ ಕಾಯುವವರು ಗೊಣಗುತ್ತಾರೆ. ಆದರೆ ಪ್ರತಿ ಮುರಿತದ ಹಿಂದೆ ಒಂದು ಹಾರಾಟ ಇರುತ್ತದೆಂದು ತಿಳಿದ ಮೇಲೆ ಅದನ್ನು ಕೇಳದೆ ಎಲುಬನ್ನು ಮಾತ್ರ ಜೋಡಿಸಿ ಕಳಿಸಲು ನನ್ನಿಂದ ಆಗುವುದಿಲ್ಲ.

ಗೆರೆಯ ವಿಷಯದಲ್ಲಿ ನನ್ನ ಸಾಕ್ಷಿ ಹೆಬ್ಬೆರಳಷ್ಟೇ, ಅದನ್ನೂ ತೊಳೆದಾಯಿತು. ಕಣ್ಣಾರೆ ಕಂಡವರು ಬೇರೆ. ಅಂಕ ಬರೆಯುತ್ತಿದ್ದ ಹಿರಿಯರಾದ ಶೀನಪ್ಪ ಮಾಷ್ಟ್ರು, ನಾವು ಹೊರಟ ಮೇಲೆ ಅಲ್ಲಿ ನಡೆದದ್ದನ್ನು ಆ ಸಂಜೆ ಫೋನಿನಲ್ಲಿ ನನಗೆ ಹೇಳಿದವರು, ಕಳೆದ ವರ್ಷ ತೀರಿಕೊಂಡರು. ಅಂಪಾಯರ್ ಆಗಿದ್ದ ಜಯಂತಿ ಟೀಚರ್ ಕಡಬದ ಕಡೆ ಇದ್ದಾರೆ. ಮುಟ್ಟಿತು ಎಂದು ಕೈ ಎತ್ತಿದವರು ಅವರು, ಎದುರು ತಂಡದವರು ಗಲಾಟೆ ಎಬ್ಬಿಸಿದಾಗ ಕೈ ಇಳಿಸದೆ ನಿಂತವರು. ಬಾಲಣ್ಣ ಮಾಷ್ಟ್ರು ಇದ್ದಾರೆ, ಈಗ ಯಾರ ಕೈಯನ್ನೂ ಎಳೆಯುವುದಿಲ್ಲ. ದೇವಕ್ಕ ಇದ್ದಾರೆ, ಕೂಗುತ್ತಲೇ ಇದ್ದಾರೆ.

ಮತ್ತೆ ಅಫ್ರಾ ಇದ್ದಾಳೆ. ತನ್ನವರೇ ಬಾಯಿ ಮುಚ್ಚು ಎಂದು ಜಡೆ ಎಳೆಯುತ್ತಿದ್ದಾಗ ಗಲಾಟೆಯ ನಡುವೆ ನುಗ್ಗಿ ಬಂದು, ತನ್ನ ತಂಡ ಸೋಲುವ ಮಾತನ್ನು ತಾನೇ ಆಡಿದವಳು. ಈಗಲೂ ಕೇಳಿ, ಹಾಗೆಯೇ ಹೇಳುತ್ತಾಳೆ: "ಮುಟ್ಟಿದ್ದಾಳೆ ಟೀಚರ್. ಕಾಲು ನನ್ನ ಕೈಯಲ್ಲೇ ಇತ್ತು, ನನಗೆ ಗೊತ್ತಿಲ್ವಾ?"