ಮಕ್ಕಳ ಮೇಜಿನ ಯುದ್ಧವಿಮಾನ

ಚಿಕ್ಕಬೈರಪ್ಪನವರು ಮಗಳ ಮದುವೆಗೆ ಕರೆಯಲು ಬೆಳ್ಳಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಾಗ, ತಿರುಮಲೇಶರ ಬಲಗೈ ಹೆಬ್ಬೆರಳಿಗೆ ಒಂದು ಯುದ್ಧವಿಮಾನ ಅಂಟಿಕೊಂಡಿತ್ತು. ಗೇಣಗಲ ರೆಕ್ಕೆಯ ಪ್ಲಾಸ್ಟಿಕ್ ಸ್ಪಿಟ್‌ಫೈರ್. ಗೋಂದು ರೆಕ್ಕೆಯನ್ನು ಹಿಡಿಯುವ ಮೊದಲು ಚರ್ಮವನ್ನು ಹಿಡಿದಿತ್ತು. ಲಗ್ನಪತ್ರಿಕೆಯನ್ನು ಎಡಗೈಯಲ್ಲಿ ಈಸಿಕೊಳ್ಳುವಂತಿಲ್ಲ, ಬಲಗೈ ಹಾರಾಟದಲ್ಲಿದೆ. ಅಂಟು ಬಿಡದಿದ್ದರೆ ನಂಟೇ ಬಿಟ್ಟುಹೋಗುವ ಸ್ಥಿತಿ.

"ಏನ್ ಸ್ವಾಮಿ ಇದು, ಆಟದ ಸಾಮಾನು ಹಿಡ್ಕೊಂಡಿದ್ದೀರಾ?"

"ಆಟದ ಸಾಮಾನಲ್ಲ ಗೌಡ್ರೇ, ಮಾಡೆಲ್ಲು."

"ಇರ್ಲಿ ಬುಡಿ, ರೆಕ್ಕೆ ಮೇಲೇ ಇಟ್ಬುಡಿ," ಎಂದು ಗಂಡನಿಗೆ ದಾರಿ ತೋರಿದವರು ಚಿಕ್ಕಬೈರಪ್ಪನವರ ಜೊತೆ ಬಂದಿದ್ದ ಸೊಣ್ಣಮ್ಮ. ಪತ್ರಿಕೆ, ಎಲೆ-ಅಡಿಕೆ, ಮಂತ್ರಾಕ್ಷತೆ ಎಲ್ಲವೂ ಸ್ಪಿಟ್‌ಫೈರ್ ಮೇಲೆ ಬಂದಿಳಿದವು. ಅವರು ಹೋದ ಮೇಲೆ ವಿಮಲಾ ಉಗುರುಬಣ್ಣ ತೆಗೆಯುವ ದ್ರಾವಣ ಸುರಿದು ಗಂಡನನ್ನೂ ವಿಮಾನವನ್ನೂ ಬೇರ್ಪಡಿಸಿದರು.

ಆದರೆ 'ಆಟದ ಸಾಮಾನು' ಎಂಬ ಮಾತು ಮಾತ್ರ ಬಿಟ್ಟುಹೋಗಲಿಲ್ಲ. ಅದು ಹಳೆಯ ಗಾಯ. ಹೋದ ವರ್ಷ ಜೆ.ಪಿ. ನಗರದ ಮಾಡೆಲ್ ಕ್ಲಬ್ಬಿನ ಪ್ರದರ್ಶನಕ್ಕೆ ಇದೇ ವಿಮಾನವನ್ನು ಒಯ್ದಿದ್ದಾಗ, ಹೆಸರು ಬರೆದುಕೊಳ್ಳುತ್ತಿದ್ದ ತೇಜಸ್ವಿನಿ ಎಂಬ ಹುಡುಗಿ "ಅಂಕಲ್, ಮೊಮ್ಮಗನ ಎಂಟ್ರಿನಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮಕ್ಕಳ ಮೇಜಿನ ಮೇಲೆ ಇಟ್ಟಿದ್ದಳು. ಸಂಜೆ ಕೊಟ್ಟ ಪ್ರಮಾಣಪತ್ರದಲ್ಲಿ, ಚಿಕ್ಕ ಹುಡುಗರಿಗೆ ಬರೆಯುವ ಹಾಗೆ, 'ಮಾಸ್ಟರ್ ತಿರುಮಲೇಶ' ಎಂದಿತ್ತು. ಅರವತ್ತೊಂದು ವರ್ಷದ ಮಾಸ್ಟರ್ ಅಂದೇ ತೀರ್ಮಾನಿಸಿದರು: ಇದೇ ವಿಮಾನ ಮುಂದಿನ ವರ್ಷ ದೊಡ್ಡವರ ಮೇಜಿಗೆ ಹತ್ತಬೇಕು.

ಅವರು ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಅಚ್ಚಿನ ಮನೆಯಿಂದ ನಿವೃತ್ತರಾದವರಿಗೆ ಅಚ್ಚಿನಲ್ಲೇ ತಪ್ಪಿರುವ ವಿಮಾನ ಸಿಕ್ಕಿತ್ತು. ಜಯನಗರದ ಆಟಿಕೆ ಅಂಗಡಿಯ ಅತಿ ಅಗ್ಗದ ಡಬ್ಬಿ ಅದು. ಪ್ರೊಪೆಲ್ಲರ್ ಸೌಟಿನಷ್ಟು ದಪ್ಪ. ಪೈಲಟ್ಟಿಗೆ ಕುತ್ತಿಗೆ ಇಲ್ಲ. ಎಡ ರೆಕ್ಕೆ ಒಂದು ಕಡೆ, ಬಲ ರೆಕ್ಕೆ ಇನ್ನೊಂದು ಕಡೆ ನೋಡುತ್ತಿದ್ದವು. ತಿರುಮಲೇಶರು ಉಗುರು ಉಜ್ಜುವ ಅರದಲ್ಲಿ ಪ್ರೊಪೆಲ್ಲರ್ ತೆಳ್ಳಗೆ ಮಾಡಿದರು. ಬಿ.ಪಿ. ಮಾತ್ರೆಯ ಬೆಳ್ಳಿಕಾಗದ ಕತ್ತರಿಸಿ ಪೈಲಟ್ಟಿಗೆ ಬೆಲ್ಟು ಹಾಕಿದರು. ರೇಡಿಯೋ ತಂತಿಗೆ ವಿಮಲಾರ ಬಾಚಣಿಗೆಯಿಂದ ಒಂದು ಕೂದಲು. ಹೊಗೆಯ ಮಸಿಗೆ ಊದಿನಕಡ್ಡಿಯ ಬೂದಿ. ವಿಮಲಾಗೂ ವಿಮಾನಕ್ಕೂ ಹೆಚ್ಚುಕಡಿಮೆ ಒಂದಕ್ಷರದ ವ್ಯತ್ಯಾಸ. ಬರಬರುತ್ತಾ ಆ ವ್ಯತ್ಯಾಸವೂ ಅಳಿಸಿ, ಹೆಂಡತಿ ಊಟಕ್ಕೆ ಕರೆದರೆ 'ಬಂದೆ ವಿಮಾನ' ಎನ್ನುವಂತಾಯಿತು.

ಒಂದೇ ಒಂದು ಕೊರತೆ. ಹಾರಿ ಬಂದ ವಿಮಾನದ ಹೊಟ್ಟೆಗೆ ಎಣ್ಣೆ ಸೋರಿದ ಕಲೆ ಇರಬೇಕು. ಅದೊಂದು ಎಷ್ಟು ಬಳಿದರೂ ಚೆಲ್ಲಿದ ಕಾಫಿಯ ಹಾಗೇ ಕಾಣುತ್ತಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ತಿರುಮಲೇಶರು ಬಾಳೆಕಂದು ತರಲು ಹೋಗಿ ಬರುವುದರೊಳಗೆ ವಿಮಲಾ ಸ್ಕೂಟರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಮುಗಿಸಿ ವಿಮಾನಕ್ಕೆ ಬಂದಿದ್ದರು. ಮೂತಿಗೆ, ಹೊಟ್ಟೆಗೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಕುಂಕುಮ. ಚಕ್ರದ ಕೆಳಗೆ ನಿಂಬೆಹಣ್ಣು ಹೋಗದ್ದರಿಂದ ನಿಂಬೆಹಣ್ಣಿನ ಮೇಲೆಯೇ ವಿಮಾನ ಕೂತಿತ್ತು.

"ಏನೇ ಮಾಡ್ದೆ! ಭಾನುವಾರ ಎಕ್ಸಿಬಿಷನ್ನು!"

"ಯುದ್ಧದ್ದು ಅಂತ ನೀವೇ ತಾನೇ ಹೇಳಿದ್ದು? ಆಯುಧ ಅಂದ್ಮೇಲೆ ಪೂಜೆ ಬೇಡ್ವೇನ್ರೀ?"

ವಾದದಲ್ಲಿ ತಪ್ಪಿರಲಿಲ್ಲ. ಥಿನ್ನರ್ ಹಾಕಿ ಒರೆಸಿದರು. ಒರೆಸಿದಷ್ಟೂ ಕೆಂಪು, ಹಳದಿ, ಮಸಿ ಬೆರೆತು ಕಂದು ಗೆರೆಗಳಾಗಿ ಬಾಲದವರೆಗೂ ಹರಿದವು. ತಿರುಮಲೇಶರು ಬಟ್ಟೆ ಬಿಸಾಕಿ ಕೂತುಬಿಟ್ಟರು.

ಆದರೂ ಭಾನುವಾರ ವಿಮಲಾರನ್ನೂ ಕರೆದುಕೊಂಡು ಪ್ರದರ್ಶನಕ್ಕೆ ಹೋದರು. ತೇಜಸ್ವಿನಿ ನಗುನಗುತ್ತಲೇ ವಿಮಾನವನ್ನೆತ್ತಿ ಮಕ್ಕಳ ಮೇಜಿನತ್ತ ಹೊರಟಳು.

"ಇರಮ್ಮಾ, ಇರು," ಎಂದರು ತೀರ್ಪುಗಾರ ಬಸವಂತ, ವಾಯುಸೇನೆಯಿಂದ ನಿವೃತ್ತರಾದವರು. ವಿಮಾನವನ್ನು ಬೋರಲು ತಿರುಗಿಸಿ ಭೂತಗನ್ನಡಿ ಹಿಡಿದರು. "ಎಷ್ಟು ವಿಮಾನದ ಹೊಟ್ಟೆ ಕೆಳಗೆ ಮಲಗಿದೀನಿ ನಾನು! ಎಣ್ಣೆ ಸೋರಿ, ಗಾಳಿಗೆ ಹಿಂದಕ್ಕೆ ಹರಿಯೋದು ಹಿಂಗೇನೇ. ಇದನ್ನ ದೊಡ್ಡೋರ ಟೇಬಲ್‌ಗೆ ಇಡು. ಯಾವ ಪೇಂಟ್ ಸಾರ್ ಇದು?"

"ಅರಿಶಿನ ಕುಂಕುಮ ಸಾರ್. ನಮ್ಮನೆಯವಳು ಹಚ್ಚಿದ್ದು."

"ಮನೇಲೇ ಪುಡಿ ಮಾಡಿಸಿದ ಅರಿಶಿನ," ಎಂದರು ವಿಮಲಾ. "ಕಲಬೆರಕೆ ಇಲ್ಲ."

ಸಂಜೆ ವಿಶೇಷ ಬಹುಮಾನ ಬಂತು. ಈ ಸಲ ಪ್ರಮಾಣಪತ್ರದಲ್ಲಿ 'ಶ್ರೀ' ಇತ್ತು. ಜೊತೆಗೆ ದೊಡ್ಡದೊಂದು ವಿದೇಶಿ ಡಬ್ಬಿ: ಇನ್ನೂರು ಬಿಡಿಭಾಗ, ಬೆಲ್ಟು, ತಂತಿ, ಕುತ್ತಿಗೆ ಇರುವ ಪೈಲಟ್ಟು, ಎಲ್ಲ ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂರುವಂಥದ್ದು. ಸುತ್ತ ನಿಂತವರು ಹೊಟ್ಟೆ ಉರಿದುಕೊಂಡರು.

"ಅಗ್ಗದ್ದರಲ್ಲೇ ಇಷ್ಟು ಮಾಡಿದೀರಿ," ಎಂದು ಬಸವಂತ ಬೆನ್ನು ತಟ್ಟಿದರು. "ಇದನ್ನ ಯಾವಾಗ ಶುರು ಮಾಡ್ತೀರಿ ಸಾರ್?"

ತಿರುಮಲೇಶರು ಡಬ್ಬಿ ತೆರೆದು ಒಂದೊಂದೇ ಭಾಗವನ್ನು ಬೆಳಕಿಗೆ ಹಿಡಿದು ನೋಡಿದರು. ನೋಡುತ್ತಾ ನೋಡುತ್ತಾ ಮುಖ ಬಾಡಿತು.

"ಇದ್ರಲ್ಲಿ ಎಲ್ಲಾ ಸರಿಯಾಗೇ ಇದೆಯಲ್ಲ ಸಾರ್, ತಿದ್ದೋಕೆ ಏನೂ ಇಲ್ಲ," ಎಂದರು. "ಇದರ ಬದ್ಲು ಯಾವ್ದಾದ್ರೂ ಕಳಪೆ ಡಬ್ಬಿ ಇದ್ರೆ ಕೊಡ್ತೀರಾ?"